ಅಜ್ಜನ ಅಂಚೆಚೀಲ: ಪಿ.ಟಿ. ಸರ್ ಕುಲಪತಿ ಆಗಬಹುದೆ?

ಪ್ರೀತಿಯ ಮಕ್ಕಳೇ, ಮಕ್ಕಳ ಹಿಂದೆ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿರುವ ಅಜ್ಜ-ಅಜ್ಜಿಯರೇ,

ಈ ವಾರ ಚೀಲದಲ್ಲಿ ಹೊನ್ನಾವರದ ಕಡೆಯ ಹುಡುಗಿಯೊಬ್ಬಳ ಕಾಗದ ಬಂದಿದೆ. ಏಳನೇ ತರಗತಿ. ಗುಂಡು ಎಸೆತದಲ್ಲಿ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗಿದ್ದಾಳೆ. ಮನೆಯಲ್ಲಿ ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. "ಹೆಣ್ಣುಮಗುವಿಗೆ ಆ ಗುಂಡು ಗಿಂಡು ಯಾಕೆ? ಆಟ ಆಡಿದವರು ಹೆಚ್ಚೆಂದರೆ ಪಿ.ಟಿ. ಮೇಷ್ಟ್ರಾದಾರು" ಅಂದರಂತೆ. ಹುಡುಗಿ ಕೇಳುತ್ತಾಳೆ: "ಅಜ್ಜಾ, ಆಟ ಕಲಿಸುವವರು ಅದಕ್ಕಿಂತ ಮೇಲೆ ಹೋಗುವುದೇ ಇಲ್ಲವೆ?"

ಹೋಗುತ್ತಾರೆ ಮಗಾ. ಕುಲಪತಿಯೇ ಆಗಿದ್ದಾರೆ.

ಕುಲಪತಿ ಎಂದರೆ ಯಾರು ಎಂದು ಚಿಕ್ಕವರು ಕೇಳಬಹುದು. ನಮ್ಮ ಕುಮಟಾ, ಹೊನ್ನಾವರದ ಡಿಗ್ರಿ ಕಾಲೇಜುಗಳ ಮೇಲೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆಯಲ್ಲ, ಅಂಥ ವಿಶ್ವವಿದ್ಯಾಲಯವನ್ನು ನಡೆಸುವ ಹಿರಿಯರು. ದಪ್ಪ ದಪ್ಪ ಪುಸ್ತಕ ಓದಿದ ಪ್ರೊಫೆಸರರ ಕುರ್ಚಿ ಅದು ಎಂದೇ ನಾವೆಲ್ಲ ತಿಳಿದದ್ದು. 2021ರ ಜೂನ್‌ನಲ್ಲಿ ದಿಲ್ಲಿ ಸರ್ಕಾರ ತನ್ನ ಹೊಸ ಕ್ರೀಡಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯನ್ನಾಗಿ ನೇಮಿಸಿದ್ದು ಕರ್ಣಂ ಮಲ್ಲೇಶ್ವರಿ ಅವರನ್ನು. ಅವರು ಹೆಸರು ಮಾಡಿದ್ದು ಭಾರ ಎತ್ತಿ.

ಊರು ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ವೂಸವಾನಿಪೇಟ. ಹುಟ್ಟಿದ್ದು 1975ರಲ್ಲಿ. ನಮ್ಮ ಕುಮಟಾ, ಭಟ್ಕಳ ಸ್ಟೇಷನ್ನುಗಳಲ್ಲಿ ರೈಲ್ವೆ ಪೊಲೀಸರನ್ನು ನೋಡಿದ್ದೀರಲ್ಲ? ತಂದೆ ರೈಲ್ವೆ ರಕ್ಷಣಾ ದಳದಲ್ಲಿ ಅಂಥ ಒಬ್ಬ ಕಾನ್‌ಸ್ಟೆಬಲ್. ಮನೆಯಲ್ಲಿ ಹೆಣ್ಣುಮಕ್ಕಳೇ ತುಂಬಿದ್ದರು. ಅಕ್ಕತಂಗಿಯರೆಲ್ಲ ಭಾರ ಎತ್ತುವುದನ್ನು ಕಲಿತವರು. ಮಲ್ಲೇಶ್ವರಿ ಹನ್ನೆರಡರ ಹೊತ್ತಿಗೆ ನೀಲಂಶೆಟ್ಟಿ ಅಪ್ಪಣ್ಣ ಎಂಬ ಗುರುಗಳ ವ್ಯಾಯಾಮಶಾಲೆಗೆ ಹೋದಾಗ, ಇಷ್ಟು ಬಡಕಲು ಹುಡುಗಿ ಏನು ಎತ್ತೀತು ಎಂದು ಅವರು ಮೊದಲು ವಾಪಸು ಕಳಿಸಿದರಂತೆ. ಅಳುತ್ತ ಮನೆಗೆ ಬಂದ ಮಗಳಿಗೆ ಧೈರ್ಯ ಹೇಳಿದ್ದು ತಾಯಿ. (ಹೊನ್ನಾವರದ ಅಜ್ಜಿ ಈ ಸಾಲನ್ನು ಇನ್ನೊಮ್ಮೆ ಓದಬೇಕೆಂದು ವಿನಂತಿ.) ಮುಂದೆ ಅದೇ ಅಪ್ಪಣ್ಣ ಗುರುಗಳೇ ಕಲಿಸಿದರು.

1994, 1995 ಎರಡೂ ವರ್ಷ ಆಕೆ ತನ್ನ ತೂಕದ ವಿಭಾಗದಲ್ಲಿ ವಿಶ್ವ ಚಾಂಪಿಯನ್. ಖೇಲ್ ರತ್ನ ಬಂತು, 1999ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಆಗ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಭಾರ ಎತ್ತುವ ಸ್ಪರ್ಧೆಯೇ ಇರಲಿಲ್ಲ. ಅದು ಬಂದದ್ದು 2000ದ ಸಿಡ್ನಿಯಲ್ಲಿ. ಅಷ್ಟರಲ್ಲಿ ಮದುವೆಯಾಗಿ ಹರಿಯಾಣದ ಯಮುನಾನಗರದ ಸೊಸೆಯಾಗಿದ್ದರು, ತೂಕವೂ ಏರಿತ್ತು, ಇವರ ಕಾಲ ಮುಗಿಯಿತು ಎಂಬಂತೆ ಪತ್ರಿಕೆಗಳಲ್ಲಿ ಟೀಕೆ ಬಂದಿತ್ತು. ಮೊದಲು 54 ಕಿಲೋ ವಿಭಾಗದಲ್ಲಿ ಗೆದ್ದವರು ಸಿಡ್ನಿಯಲ್ಲಿ ಇಳಿದದ್ದು 69 ಕಿಲೋ ವಿಭಾಗದಲ್ಲಿ.

ಸೆಪ್ಟೆಂಬರ್ 19. ಈಗ ಸ್ವಲ್ಪ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಈ ಸ್ಪರ್ಧೆಯಲ್ಲಿ ಎರಡು ಬಗೆ. ಒಂದು ಸ್ನ್ಯಾಚ್: ನೆಲದಿಂದ ಒಂದೇ ಸೆಳೆತಕ್ಕೆ ತಲೆಯ ಮೇಲೆ. ಇನ್ನೊಂದು ಕ್ಲೀನ್ ಅಂಡ್ ಜರ್ಕ್: ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲೆ. ಒಂದೊಂದಕ್ಕೆ ಮೂರು ಸಲ ಅವಕಾಶ, ಎರಡರಲ್ಲಿ ಎತ್ತಿದ ಅತಿ ಹೆಚ್ಚಿನ ಭಾರವನ್ನು ಕೂಡಿಸುತ್ತಾರೆ. ಮಲ್ಲೇಶ್ವರಿ ಸ್ನ್ಯಾಚ್‌ನಲ್ಲಿ 110 ಕಿಲೋ, ಇನ್ನೊಂದರಲ್ಲಿ 130 ಕಿಲೋ ಎತ್ತಿದರು. ಒಟ್ಟು 240. ನಿಮ್ಮ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ. 130 ಎಂದರೆ ನಾಲ್ಕು ಸಿಲಿಂಡರ್, ಮೇಲೊಂದು 10 ಕಿಲೋ ಅಕ್ಕಿ ಚೀಲ.

ಚೀನಾದ ಲಿನ್ ವೀನಿಂಗ್, ಹಂಗೆರಿಯ ಎರ್ಜೆಬೆಟ್ ಮಾರ್ಕುಸ್ ಇಬ್ಬರದೂ 242.5. ಸಮವಾದರೆ ಯಾರ ಮೈತೂಕ ಕಡಿಮೆಯೋ ಅವರಿಗೆ ಮೇಲಿನ ಸ್ಥಾನ ಎಂಬುದು ಆಗಿನ ನಿಯಮ; ಹಾಗೆ ಲಿನ್‌ಗೆ ಚಿನ್ನ. ಮಲ್ಲೇಶ್ವರಿಗೆ ಕೊನೆಯ ಒಂದು ಅವಕಾಶ ಉಳಿದಿತ್ತು. ಭಾರ ಏರುತ್ತಿದ್ದದ್ದು ಎರಡೂವರೆ ಎರಡೂವರೆ ಕಿಲೋದ ಮೆಟ್ಟಿಲಿನಲ್ಲಿ. ಹಾಗಾದರೆ ಲಿನ್‌ರನ್ನು ಮೀರಲು ಎಷ್ಟು ಎತ್ತಬೇಕಿತ್ತು?

135 ಎಂದು ಬರೆದಿದ್ದರೆ ಸರಿ. 110ಕ್ಕೆ ಕೂಡಿಸಿದರೆ 245. ಆದರೆ ಆ ದಿನ ಸಲಾಕೆಗೆ ಏರಿಸಿದ್ದು 137.5 ಕಿಲೋ. ಅದು ಮೇಲೆ ಏರಲಿಲ್ಲ. ಬಂದದ್ದು ಕಂಚು.

ಈ ಎರಡೂವರೆ ಕಿಲೋದ ಬಗ್ಗೆ ಇಂದಿಗೂ ಜನ ಮಾತಾಡುತ್ತಾರೆ. 135 ಆಗಿದ್ದರೆ ಎತ್ತಿಯೇಬಿಡುತ್ತಿದ್ದರು ಎಂದು ನಾನಂತೂ ಹೇಳಲಾರೆ. ಆದರೆ ಕೋಚ್ ಎಂದರೆ ಸೀಟಿ ಊದುವವರು ಎಂದು ತಿಳಿದವರಿಗೆ ಈ ಕಥೆ ಹೇಳಬೇಕು. ತೆರೆಯ ಹಿಂದೆ ನಿಂತು ಎದುರಾಳಿ ಏನು ಕೇಳುತ್ತಾರೆ, ನಮ್ಮ ಹುಡುಗಿಯಲ್ಲಿ ಎಷ್ಟು ಕಸುವು ಉಳಿದಿದೆ, ಮುಂದೆ ಎಷ್ಟು ಹೇಳಬೇಕು ಎಂದು ಅರೆಗಳಿಗೆಯಲ್ಲಿ ಲೆಕ್ಕ ಹಾಕುವ ಕೆಲಸ ಅದು. ಗಣಿತದ ಮೇಷ್ಟ್ರಿಗಾದರೆ ತಪ್ಪಾದ ಲೆಕ್ಕವನ್ನು ಒರೆಸಿ ಮತ್ತೆ ಬರೆಯಬಹುದು.

ಕಂಚಾದರೂ, ಸಿಡ್ನಿಯಲ್ಲಿ ಇಡೀ ಭಾರತಕ್ಕೆ ಬಂದ ಪದಕ ಅದೊಂದೇ. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಹೆಣ್ಣುಮಗಳು ಆಕೆ. ಮುಂದಿನ ವರ್ಷ ಮಗ ಹುಟ್ಟಿದ. 2004ರಲ್ಲಿ ಅಥೆನ್ಸ್‌ಗೂ ಹೋದರು, ಬರಿಗೈಯಲ್ಲಿ ಬಂದು ಆಟ ನಿಲ್ಲಿಸಿದರು. ಭಾರತೀಯ ಆಹಾರ ನಿಗಮದಲ್ಲಿ ಅಧಿಕಾರಿಯ ಕೆಲಸ ಇತ್ತು. ಆದರೂ ಯಮುನಾನಗರದಲ್ಲಿ ಅಕಾಡೆಮಿ ತೆರೆದು ಮಕ್ಕಳಿಗೆ ಭಾರ ಎತ್ತುವುದನ್ನು ಕಲಿಸಲು ನಿಂತರು. ಅಲ್ಲಿಂದ ಕುಲಪತಿಯ ಕುರ್ಚಿಗೆ. ದಿಲ್ಲಿಯ ಆ ವಿಶ್ವವಿದ್ಯಾಲಯದ ಅಡಿಯಲ್ಲಿ ಒಂದು ಶಾಲೆಯೂ ಇದೆ. ಆರನೇ ತರಗತಿಯಿಂದ ಮಕ್ಕಳು ಪಾಠದ ಜೊತೆಗೆ ಆಟವನ್ನೂ ಪಾಠವಾಗಿಯೇ ಕಲಿಯುತ್ತಾರೆ. ಪಿ.ಟಿ. ಪೀರಿಯಡ್ ಬಂದಾಗ ಗಣಿತ ಮಾಡಿಸುವ ನಮ್ಮೂರಿನ ಪದ್ಧತಿ ಅಲ್ಲಿ ನಡೆಯಲಾರದು!

ದಿಲ್ಲಿ ದೂರವಾಯಿತೆ? ಭಟ್ಕಳದಿಂದ ಶಿರೂರು, ಬೈಂದೂರು ದಾಟಿ ಕುಂದಾಪುರದ ಕಡೆ ಹೋದರೆ ವಂಡ್ಸೆ ಸಿಗುತ್ತದೆ. ಆ ಕಡೆಯ ಗುರುರಾಜ ಪೂಜಾರಿ ಚಾಲಕರೊಬ್ಬರ ಮಗ. ಮೊದಲು ಕುಸ್ತಿಯ ಹುಚ್ಚು. ಉಜಿರೆಯ ಕಾಲೇಜಿಗೆ ಹೋದ ಮೇಲೆ ಅಲ್ಲಿನ ತರಬೇತುದಾರರು ಸಲಾಕೆ ಹಿಡಿಸಿದರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಅದು. 2022ರಲ್ಲಿ ಕಂಚು ತಂದರು. ಕುಸ್ತಿಯ ಹುಡುಗನನ್ನು ನೋಡಿ ಇವನು ಭಾರ ಎತ್ತುವವನು ಎಂದು ಗುರುತಿಸಿದ ಕಣ್ಣು ಎಂಥದ್ದಿರಬೇಕು!

ಇನ್ನು ಹೊನ್ನಾವರದ ಅಜ್ಜಿಯವರಿಗೆ ಒಂದು ಮಾತು. ಹೆಣ್ಣುಮಗು ಭಾರ ಎತ್ತಬಾರದು ಅಂದಿರಂತೆ. ತಾಯೀ, ನಮ್ಮ ಕರಾವಳಿಯಲ್ಲಿ ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುವವರು ಯಾರು? ಬೆಟ್ಟದಿಂದ ಸೊಪ್ಪಿನ ಹೊರೆ, ಕಟ್ಟಿಗೆ ಹೊರೆ ತಂದವರು ಯಾರು? ಬಾವಿಯಿಂದ ನೀರು ಸೇದಿ, ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ನಡೆದವರಲ್ಲಿ ನೀವೂ ಇದ್ದಿರಬಹುದು. ಆಗ ಯಾರೂ ಬೇಡ ಅನ್ನಲಿಲ್ಲ, ಪದಕವನ್ನೂ ಕೊಡಲಿಲ್ಲ.

ಮಗಾ, ಗುಂಡು ಎಸೆಯುವ ಮುಂಚೆ ಮೈ ಬಿಸಿ ಮಾಡಿಕೋ, ಸರ್ ಹೇಳಿದಷ್ಟೇ ಅಭ್ಯಾಸ ಮಾಡು, ಹಟಕ್ಕೆ ಬಿದ್ದು ಭುಜ ನೋಯಿಸಿಕೊಳ್ಳಬೇಡ. ಕೂಟ ಮುಗಿದ ಮೇಲೆ ಎಷ್ಟು ಮೀಟರ್ ಹೋಯಿತೆಂದು ಬರೆ. ಅಜ್ಜಿ ನೋಡಲು ಬಂದಿದ್ದರೋ ಇಲ್ಲವೋ, ಅದನ್ನೂ ಬರೆ.

ನಿಮ್ಮ,
ಅಂಚೆಚೀಲದ ಅಜ್ಜ