ಪರದೆ ಅಗಲವಾಯ್ತು, ಅಕ್ಷರ ಸಾಸಿವೆಯಾಯ್ತು!

ಗೆಳೆಯಾ, ಬೆಂಗಳೂರಿನ ಏಸಿ ರೂಮಿನಲ್ಲಿ ಎರಡೆರಡು ಮಾನಿಟರ್ ಇಟ್ಟುಕೊಂಡು ಕೂತಿದ್ದೀಯಲ್ಲ, ನಿನಗೊಂದು ಪ್ರಶ್ನೆ. ಹೋದ ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮೂರ ಫೋಟೋ ಸ್ಟುಡಿಯೋದ ಒಳಕೋಣೆಗೆ ಇಣುಕಿದ್ದೆಯಾ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಊರಾದರೂ ಸರಿ. ನಿನ್ನ ನಾಮಕರಣದ ಫೋಟೋ, ನಿಮ್ಮಕ್ಕನ ಮದುವೆ ಆಲ್ಬಮ್, ಮೇಲುಕೋಟೆ ವೈರಮುಡಿಗೆ ಕಟ್ಟುವ ಬ್ಯಾನರ್, ಎಲ್ಲ ತಯಾರಾಗುವುದು ಅಲ್ಲೇ. ಅಲ್ಲಿ ಕೂತ ಅಣ್ಣ ಈಗ ಮೂಗನ್ನು ಗಾಜಿಗೆ ತಾಗಿಸಿಕೊಂಡು ಕೆಲಸ ಮಾಡುತ್ತಿದ್ದಾನೆ. ಕೇಳಿದರೆ, "ಏನೂ ಕಾಣಾಕಿಲ್ಲ ಕಣಪ್ಪ, ಕಣ್ಣು ಹೋಯ್ತು" ಅನ್ನುತ್ತಾನೆ.

ಅವನ ಕಣ್ಣು ಹೋಗಿಲ್ಲ. ಮೋಸ ಇರುವುದು ಪರದೆಯಲ್ಲಿ!

ಮದುವೆ ಆಲ್ಬಮ್ಮಿನ ಹಾಳೆ ಬಿಚ್ಚಿದರೆ 12 ಇಂಚು ಎತ್ತರ, 36 ಇಂಚು ಅಗಲ. ಹಳೆಯ ಮಾನಿಟರಿನಲ್ಲಿ ಅದು ರಿಬ್ಬನ್ನಿನಂತೆ ಕಾಣುತ್ತದೆ. ಅದಕ್ಕೇ ಸಾಲಸೋಲ ಮಾಡಿ 34 ಇಂಚಿನ ಅಗಲದ ಮಾನಿಟರ್ ತಂದ. ಲೆಕ್ಕ ನೋಡು. ಹಳೆಯ ಹದಿನೆಂಟೂವರೆ ಇಂಚಿನ ಪರದೆಯಲ್ಲಿ 1366 ಅಡ್ಡ, 768 ಉದ್ದ ಚುಕ್ಕೆಗಳು, ಅಂದರೆ ಇಂಚಿಗೆ 85. ಹೊಸದರಲ್ಲಿ 5120 ಅಡ್ಡ, 2160 ಉದ್ದ, ಇಂಚಿಗೆ 163! ಹಳೆಯ ಫೋಟೋಶಾಪ್ ಮೆನುವಿನ ಅಕ್ಷರವನ್ನು ಚುಕ್ಕೆ ಎಣಿಸಿಯೇ ಬರೆಯುತ್ತದೆ. 12 ಚುಕ್ಕೆ ಎತ್ತರದ ಅಕ್ಷರ ಅಲ್ಲಿ ಮೂರೂವರೆ ಮಿಲಿಮೀಟರ್ ಇದ್ದದ್ದು ಇಲ್ಲಿ ಎರಡಕ್ಕೂ ಕಮ್ಮಿ. ದುಡ್ಡು ಕೊಟ್ಟು ದೊಡ್ಡ ಪರದೆ ತಂದವನಿಗೆ ಸಿಕ್ಕಿದ್ದು ಸಾಸಿವೆ.

ಆ ಗಾತ್ರದಲ್ಲಿ ಇಂಗ್ಲಿಷಿನ ಅಕ್ಷರ ಹೇಗೋ ಉಳಿದುಕೊಳ್ಳುತ್ತದೆ, ಅದು ಒಂದೇ ಅಂತಸ್ತಿನ ಮನೆ. ನಮ್ಮದು ಹಾಗಲ್ಲವಲ್ಲ! ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು. ಅದೇ 12 ಚುಕ್ಕೆಯಲ್ಲಿ ಎಲ್ಲವೂ ತೂರಬೇಕು. ಮೊದಲು ಸಾಯುವುದು ಒತ್ತು. ಫೈಲಿಗೆ, ಲೇಯರಿಗೆ ಕನ್ನಡದಲ್ಲಿ ಹೆಸರಿಟ್ಟರೆ ಚಿಕ್ಕಣ್ಣ ಚಿಕಣನಾಗುತ್ತಾನೆ.

ಆಗ ಯಾರೋ ಒಬ್ಬ ಬುದ್ಧಿವಂತ ಬಂದು ಉಪಾಯ ಹೇಳಿಕೊಡುತ್ತಾನೆ: ಪ್ರಾಪರ್ಟೀಸ್‌ಗೆ ಹೋಗು, ಕಂಪ್ಯಾಟಿಬಿಲಿಟಿ ಒತ್ತು, ಸ್ಕೇಲಿಂಗನ್ನು ವಿಂಡೋಸ್‌ಗೇ ಬಿಟ್ಟುಬಿಡು. ಮೆನು ದೊಡ್ಡದಾಗುತ್ತದೆ, ನಿಜ. ಆದರೆ ವಿಂಡೋಸ್ ಮೆನುವನ್ನಷ್ಟೇ ಹಿಗ್ಗಿಸುವುದಿಲ್ಲ, ಮದುಮಗಳ ಮುಖವನ್ನೂ ರಬ್ಬರಿನಂತೆ ಎಳೆಯುತ್ತದೆ. ಚೊಕ್ಕವಾಗಿ ತೆಗೆದ ಫೋಟೋ ಮಸುಕಾಗಿ ಕಾಣುತ್ತದೆ. ಅಣ್ಣ ಗಾಬರಿಬಿದ್ದು ಶಾರ್ಪ್ ಮಾಡುತ್ತಾನೆ, ಇನ್ನೊಂದಿಷ್ಟು ಮಾಡುತ್ತಾನೆ. ಪ್ರಿಂಟ್ ಬಂದಾಗ ಮದುಮಗಳ ಕೆನ್ನೆ ಮರಳುಕಾಗದ! ಬೈಗುಳ ತಿನ್ನುವವನು ಯಾರು? ಸಾಫ್ಟ್‌ವೇರ್ ಬರೆದವನಾ?

ಅಡೋಬಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಬಳಸುವವರು ಗಲಾಟೆ ಮಾಡಿದ್ದಕ್ಕೆ 2014ರ ಆವೃತ್ತಿಯಲ್ಲಿ ಪ್ರಯೋಗಕ್ಕೆಂದು ಮೆನುವನ್ನು ನೇರ ಎರಡು ಪಟ್ಟು ಮಾಡುವ ಗುಂಡಿ ಕೊಟ್ಟರು. 2017ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಜೊತೆ ಸೇರಿ ನೂರರಿಂದ ನಾನೂರು ಪರ್ಸೆಂಟಿನವರೆಗೆ 25ರ ಮೆಟ್ಟಿಲುಗಳನ್ನು ಮಾಡಿದರು. ಮೆನು ಬೆಳೆಯುತ್ತದೆ, ಫೋಟೋ ಹಾಗೇ ಉಳಿಯುತ್ತದೆ. ಕೇಳಿದವರಿಗೆ ಸಿಕ್ಕಿತು ಅಂತಾಯ್ತು.

ನಾವು ಏನು ಕೇಳಿದ್ದೇವೆ? ಸುಮಾರು 56 ಲಕ್ಷ ಜನರಿರುವ ಫಿನ್ಲೆಂಡಿನವನು ಫೋಟೋಶಾಪನ್ನು ತನ್ನ ಭಾಷೆಯಲ್ಲಿ ಓದುತ್ತಾನೆ. ಡೆನ್ಮಾರ್ಕಿನವನೂ ಓದುತ್ತಾನೆ, ನಾರ್ವೆಯವನೂ ಓದುತ್ತಾನೆ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ನಮಗೆ ಒಂದು ಮೆನು ಇಲ್ಲ! ಇಂಗ್ಲಿಷ್ ಅಕ್ಷರ ಸಣ್ಣದಾಯಿತೆಂದು ಜಗತ್ತೇ ಕೂಗಿತು. ಕನ್ನಡದ ಅಕ್ಷರ ಅಲ್ಲಿ ಇಲ್ಲವೇ ಇಲ್ಲವೆಂದು ನಾವು ಕೆಮ್ಮಲೂ ಇಲ್ಲ.

ಇನ್ನೊಂದು ಮಾತು, ಮುಜುಗರವಾದರೂ ಹೇಳಿಬಿಡುತ್ತೇನೆ. ಕದ್ದ ಕಾಪಿ ಹಾಕಿಕೊಂಡವನು ಯಾವ ಬಾಯಲ್ಲಿ ಕೇಳುತ್ತಾನೆ? ಗಿರಾಕಿಯಾದರೆ ತಾನೇ ಜಗಳ! ದುಡ್ಡು ಕೊಡಲಾಗದಿದ್ದರೆ ಜಿಂಪ್ ಇದೆ, ಪುಕ್ಕಟೆ. 2025ರ ಮಾರ್ಚಿನಲ್ಲಿ ಬಂದ ಅದರ 3.0 ಆವೃತ್ತಿ ಇಂಥ ದಟ್ಟ ಪರದೆಗಳಿಗೆ ಮೊದಲಿಗಿಂತ ಚೆನ್ನಾಗಿ ಹೊಂದುತ್ತದೆ. ಅದರ ಕನ್ನಡ ಅನುವಾದ ಯಾರೋ ಪುಣ್ಯಾತ್ಮರು ಶುರು ಮಾಡಿ ಅರ್ಧಕ್ಕೆ ನಿಂತಿದೆ. ಅದನ್ನು ಮುಗಿಸಲು ಅಮೆರಿಕದವನು ಬರಬೇಕಾ? ದಿನವಿಡೀ ಬೇರೆಯವರ ಸಾಫ್ಟ್‌ವೇರ್ ತಿದ್ದುವ ಕೈ ನಿನ್ನದೇ ಅಲ್ಲವಾ?

ದೀಪಾವಳಿಗೆ ಹೋಗುತ್ತೀಯಲ್ಲ, ಒಂದು ಮಧ್ಯಾಹ್ನ ಅಣ್ಣನ ಪಕ್ಕ ಕೂರು. ಹೊಸ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಇಂಟರ್‌ಫೇಸ್‌ಗೆ ಹೋಗಿ ಯುಐ ಸ್ಕೇಲಿಂಗ್ ಸರಿಮಾಡಿ, ಮುಚ್ಚಿ ಮತ್ತೆ ತೆರೆದು ತೋರಿಸು. ಹಳೆಯದಾದರೆ ವಿಂಡೋಸಿನ ಆ ರಬ್ಬರಾಟ ಬಿಡಿಸು; ಮೂಲೆಗೆಸೆದ ಹಳೆಯ ಮಾನಿಟರ್ ಒರೆಸಿ ಪಕ್ಕಕ್ಕೆ ಜೋಡಿಸು, ಮೆನು ಇರುವ ಕಿಟಕಿ, ಪ್ಯಾನೆಲ್ಲು ಅದರಲ್ಲಿರಲಿ, ಫೋಟೋ ದೊಡ್ಡದರಲ್ಲಿರಲಿ. ಆಮೇಲೆ ಒಂದು ಹಾಳೆ ತಗೋ. ಯಾವ ಯಾವ ಮೆನು ಅವನಿಗೆ ಅರ್ಥವಾಗದೆ ಬಾಯಿಪಾಠ ಮಾಡಿಕೊಂಡಿದ್ದಾನೆ, ಎಲ್ಲೆಲ್ಲಿ ಒತ್ತಕ್ಷರ ಕತ್ತರಿಸಿಹೋಗುತ್ತದೆ, ಬರೆದುಕೋ. ಬೆಂಗಳೂರಿಗೆ ವಾಪಸ್ ಬಂದ ರಾತ್ರಿಯೇ ಆ ಪಟ್ಟಿಯನ್ನು ಅಡೋಬಿಗೂ ಕಳಿಸು, ಜಿಂಪ್‌ನವರಿಗೂ ಕಳಿಸು.