ಗರಡಿ ಇದ್ದಲ್ಲಿ ಮಲ್ಲ

ಮಿಶ್ರ ಸಮರಕಲೆಯೆಂಬ ಹೊಸ ಕಾಳಗದ ಸುದ್ದಿ ಈಗ ನಮ್ಮ ಹುಡುಗರ ಬಾಯಲ್ಲೂ ಕೇಳಿಬರುತ್ತಿದೆ. ಮುಷ್ಟಿ, ಒದೆತ, ಕುಸ್ತಿ ಮೂರೂ ಒಂದೇ ಪಂಜರದೊಳಗೆ ನಡೆಯುವ ಈ ಆಟವನ್ನು ಬರಿಯ ಹೊಡೆದಾಟವೆಂದು ಹಿರಿಯರು ತಳ್ಳಿಹಾಕುವುದುಂಟು. ಆದರೆ ಅದರಲ್ಲಿ ಹೆಸರು ಮಾಡಿದ ಒಬ್ಬ ಭಾರೀ ತೂಕದ ಮಲ್ಲನ ಕಥೆಯಲ್ಲಿ ಕೊಳವಳ್ಳಿಯಂಥ ಗಡಿಯೂರಿನ ಕನ್ನಡಿಗರಾದ ನಮಗೆ ಪಾಠವೊಂದಿದೆ.

ಅರ್ಜನ್ ಭುಲ್ಲರ್ ಅವರು 1986ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಪಂಜಾಬಿನಿಂದ ಹೋಗಿ ನೆಲೆಸಿದ ಮನೆತನದಲ್ಲಿ ಹುಟ್ಟಿದವರು. ತಂದೆಯೂ ಕುಸ್ತಿಪಟು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 120 ಕಿಲೋ ಕುಸ್ತಿಯಲ್ಲಿ ಅವರು ಕೆನಡಾಕ್ಕೆ ಚಿನ್ನ ಗೆದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿಯೂ ಸೆಣಸಿದರು. ಅನಂತರ ಪಂಜರಕ್ಕಿಳಿದರು. 2021ರ ಮೇ ತಿಂಗಳಲ್ಲಿ ಸಿಂಗಾಪುರದಲ್ಲಿ ಬ್ರಾಂಡನ್ ವೇರಾ ಅವರನ್ನು ಎರಡನೆಯ ಸುತ್ತಿನಲ್ಲಿ ಮಣಿಸಿ, 'ಒನ್ ಚಾಂಪಿಯನ್‌ಶಿಪ್' ಸಂಸ್ಥೆಯ ಭಾರೀ ತೂಕದ ಪಟ್ಟ ಪಡೆದರು. ಆ ಕೂಟಕ್ಕೆ ಇಟ್ಟಿದ್ದ ಹೆಸರು 'ದಂಗಲ್' ಎಂಬುದು ಗಮನಾರ್ಹ. ಎದುರಾಳಿಯನ್ನು ನೆಲಕ್ಕೆ ಕೆಡವಿ ಏಳಗೊಡದ ಕುಸ್ತಿಯ ವಿದ್ಯೆಯೇ ಅವರ ಬಂಡವಾಳ. 2023ರಲ್ಲಿ ರಷ್ಯಾದ ಅನಾತೊಲಿ ಮಾಲಿಖಿನ್ ಎದುರು ಸೋತು ಪಟ್ಟ ಕಳೆದುಕೊಂಡರು; ಆಟದಲ್ಲಿ ಅದು ಸಹಜ. ಹುಟ್ಟಿದ ನಾಡಿನಲ್ಲಿ ಅಲ್ಪಸಂಖ್ಯಾತರಾಗಿದ್ದೂ ಹಿರಿಯರ ವಿದ್ಯೆಯನ್ನು ಬಿಡದಿದ್ದುದೇ ಮುಖ್ಯ.

ನಮ್ಮ ನಾಡಿನ ಒಬ್ಬ ಮಲ್ಲನ ಕಥೆ ಇದಕ್ಕೆ ತಿರುವುಮುರುವು. 1959ರಲ್ಲಿ ಮೊದಲ 'ಹಿಂದ್ ಕೇಸರಿ' ಪದವಿ ಗೆದ್ದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ. ಅವರು ಪಳಗಿದ್ದು, ಬಾಳಿದ್ದು, 2020ರ ಡಿಸೆಂಬರಿನಲ್ಲಿ ಕಣ್ಣುಮುಚ್ಚಿದ್ದು ಗಡಿಯಾಚೆಯ ಕೊಲ್ಲಾಪುರದಲ್ಲಿ. ಶಾಹು ಮಹಾರಾಜರು ಖಾಸಬಾಗ್ ಮೈದಾನ ಕಟ್ಟಿಸಿ, ಮಲ್ಲರಿಗೆ ಅನ್ನ ಆಸರೆ ಕೊಟ್ಟು ಬೆಳೆಸಿದ ಊರು ಅದು. ಆದ್ದರಿಂದ ಅವರ ಹೆಸರು ಮಹಾರಾಷ್ಟ್ರದ ಮನೆಮಾತಾಯಿತು. ಕನ್ನಡ ನಾಡಿನಲ್ಲಿ ಅವರನ್ನು ನೆನೆಯುವವರು ಕಡಿಮೆ. ಇದರಲ್ಲಿ ಕೊಲ್ಲಾಪುರದ ತಪ್ಪೇನಿಲ್ಲ. ಗರಡಿ ಯಾರದೋ ಮಲ್ಲನೂ ಅವರವನೇ.

ಈ ಎರಡು ಕಥೆಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ವಿದ್ಯೆಯನ್ನು ಉಳಿಸುವುದು ರಾಜ್ಯದ ಗಡಿಯಲ್ಲ, ಅದನ್ನು ದಿನವೂ ನಡೆಸುವ ಜನ. ನಮ್ಮ ನೆರೆಯ ಮಲಯಾಳಿ ಬಂಧುಗಳು ಕಳರಿಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಕಬಿನಿಯ ಆಚೆ ಮೈಸೂರಿನ ಗರಡಿಗಳಿಗೂ ದಸರಾ ಕುಸ್ತಿಗೂ ಹೆಸರಿದೆ. ಈಚೆ ದಡದಲ್ಲಿ ನಾವು ಏನನ್ನು ನಡೆಸಿಕೊಂಡು ಬಂದಿದ್ದೇವೆ?

ಮಕ್ಕಳನ್ನು ಪಂಜರದ ಕಾಳಗಕ್ಕೆ ಕಳುಹಿಸಿರೆಂದು ನಾವು ಹೇಳುತ್ತಿಲ್ಲ. ಅದರಲ್ಲಿ ಪೆಟ್ಟೂ ಉಂಟು, ಅಪಾಯವೂ ಉಂಟು. ಆದರೆ ಆಟದ ಪೀರಿಯಡನ್ನು ಲೆಕ್ಕದ ಪಾಠಕ್ಕೆ ಕಸಿದುಕೊಳ್ಳುವ ಅಧ್ಯಾಪಕರಾದ ನಾವೂ, ಮನೆಯಲ್ಲಿ ಕನ್ನಡದ ಮಾತು ಕಡಿಮೆ ಮಾಡುತ್ತಿರುವ ತಂದೆತಾಯಿಗಳೂ ಒಮ್ಮೆ ಯೋಚಿಸಬೇಕು. ಸರಕಾರದಿಂದ ನಮ್ಮ ಹಕ್ಕನ್ನು ಕೇಳೋಣ, ಕೇಳಲೇಬೇಕು. ಗರಡಿಯ ಮಣ್ಣನ್ನು ಹದಮಾಡಬೇಕಾದವರು ಮಾತ್ರ ನಾವೇ. ಭಾಷೆಯ ವಿಷಯದಲ್ಲೂ ಈ ಮಾತು ಸುಳ್ಳಲ್ಲ.