ಕರೆಂಟಿಗೆ ಅಹವಾಲು, ಟೋಲ್‌ಗೆ ಬರೀ ಬೀಪ್

ಬೆಂಗಳೂರಿನ ನಂದಿನಿ ಲೇಔಟ್‌ನಿಂದ ಗೊರಗುಂಟೆಪಾಳ್ಯ ಸಿಗ್ನಲ್ ದೂರವೇನಲ್ಲ. ದಾರಿ ಬಿಡುವಾಗಿದ್ದರೆ ಸ್ಕೂಟರಿನಲ್ಲಿ ಹತ್ತು ನಿಮಿಷ. 2021ರ ಡಿಸೆಂಬರ್ 25ರಂದು ಪೀಣ್ಯ ಮೇಲ್ಸೇತುವೆಗೆ ಬ್ಯಾರಿಕೇಡ್ ಬಿದ್ದ ಮೇಲೆ ಆ ಹತ್ತು ನಿಮಿಷ ನೆನಪಿನ ಮಾತಾಯಿತು. 102 ಮತ್ತು 103ನೇ ಕಂಬಗಳ ನಡುವೆ ಕಾಂಕ್ರೀಟನ್ನು ಬಿಗಿದು ಹಿಡಿಯುವ ಕೇಬಲ್‌ಗಳು ಕೈಕೊಟ್ಟಿದ್ದವು. ಸೇತುವೆಗೆ ಆಗಿನ್ನೂ ಹನ್ನೊಂದರ ವಯಸ್ಸು. 2022ರ ಫೆಬ್ರುವರಿಯಲ್ಲಿ ಹಗುರ ವಾಹನಗಳನ್ನು ಮೇಲೆ ಬಿಟ್ಟರು. ಲಾರಿ, ಬಸ್ಸುಗಳಿಗೆ ದಾರಿ ತೆರೆದದ್ದು 2024ರ ಜುಲೈ 29ಕ್ಕೆ. ಎರಡೂವರೆ ವರ್ಷ ತುಮಕೂರು ರಸ್ತೆಯ ಭಾರವೆಲ್ಲ ಕೆಳಗಿನ ದಾರಿಯ ಮೇಲೆ. ಈ ಕಡೆಯಿಂದ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಲಾರಿಯ ಹಿಂಚಕ್ರಕ್ಕೂ ಮೋರಿಯ ಅಂಚಿಗೂ ನಡುವೆ ಉಳಿದಿದ್ದೇ ಫುಟ್‌ಪಾತ್.

ಸೇತುವೆ ಅರ್ಧಂಬರ್ಧ ಮುಚ್ಚಿರುವಾಗ ಟೋಲ್ ಎಷ್ಟಿರಬೇಕು? ರಿಪೇರಿಗೆ ಗಡುವು ಹಾಕುವವರು ಯಾರು? ಗಡುವು ತಪ್ಪಿದರೆ ದಂಡ ಯಾರಿಗೆ? ಇದನ್ನೆಲ್ಲ ಕೇಳಲು ಜನರಿಗಿದ್ದ ಬಾಗಿಲು ಒಂದೇ, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. 1988ರ ಕಾಯ್ದೆಯಡಿ ಹುಟ್ಟಿದ ಈ ಸಂಸ್ಥೆಯೇ ರಸ್ತೆಯ ಉಸ್ತುವಾರಿ ಹೊತ್ತಿದೆ, ಗುತ್ತಿಗೆ ಕೊಡುತ್ತದೆ, ಕೆಲಸ ಸರಿಯಿದೆಯೇ ಎಂದೂ ತಾನೇ ನೋಡುತ್ತದೆ. ದೂರು ಯಾರ ಮೇಲೋ ತೀರ್ಪೂ ಅವರದೇ.

ಕರೆಂಟಿನ ವಿಷಯದಲ್ಲಿ ಹಾಗಲ್ಲ. ನಂದಿನಿ ಲೇಔಟ್‌ನ ಮನೆಗಳಿಗೆ ತಿಂಗಳಿಗೊಮ್ಮೆ ಮೀಟರ್ ರೀಡರ್ ಹರಿದುಕೊಡುವ ಬೆಸ್ಕಾಂ ಬಿಲ್ ನೋಡಿ. ಆ ತೆಳು ಕಾಗದದ ಮೇಲಿನ ದರವನ್ನು ಬೆಸ್ಕಾಂ ತಾನಾಗಿ ಏರಿಸುವ ಹಾಗಿಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅರ್ಜಿ ಹಾಕಬೇಕು, ಅದನ್ನು ಪ್ರಕಟಿಸಬೇಕು; ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆಕ್ಷೇಪಣೆ ಪಡೆದು ಬಹಿರಂಗ ವಿಚಾರಣೆ ನಡೆಸಬೇಕು. ರೈತರು, ಸಣ್ಣ ಕೈಗಾರಿಕೆಯವರು, ನಿವೃತ್ತ ಮೇಷ್ಟ್ರುಗಳು ಅಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಾರೆ. ಆಮೇಲೆ ಬರುವ ಆದೇಶದಲ್ಲಿ ಆಕ್ಷೇಪಣೆ ಏನು, ಕಂಪನಿಯ ಉತ್ತರವೇನು, ಆಯೋಗದ ಅಭಿಪ್ರಾಯವೇನು ಎಂಬುದು ದಾಖಲಾಗುತ್ತದೆ. ದರ ಹೇಗೂ ಏರುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಆದರೂ ಏಕೆ ಏರಿತೆಂಬುದು ಬರಹದಲ್ಲಿ ಸಿಗುತ್ತದೆ.

ಟೋಲ್‌ಗೆ ಅಷ್ಟೂ ಇಲ್ಲ. ಫಾಸ್ಟ್ಯಾಗ್ ಬೀಪ್ ಎನ್ನುತ್ತದೆ, ಮೊಬೈಲಿಗೆ ಮೆಸೇಜ್ ಬರುತ್ತದೆ, ಮುಗಿಯಿತು. ಕೇಂದ್ರ ಸಚಿವಾಲಯದ 2008ರ ಶುಲ್ಕ ನಿಯಮದಲ್ಲಿ ಕಾರಿಗೆ ಕಿಲೋಮೀಟರಿಗೆ 65 ಪೈಸೆ ಮೂಲ ದರ. ಅದು ಪ್ರತಿವರ್ಷ ಶೇ 3ರಷ್ಟು ಏರುತ್ತದೆ, ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40ರಷ್ಟು ಸೇರುತ್ತದೆ. ಈ ಸೂತ್ರದಲ್ಲಿ ಸೂಚ್ಯಂಕಕ್ಕೆ ಜಾಗವಿದೆ, ರಸ್ತೆಗುಂಡಿಗೆ ಇಲ್ಲ.

ಕೇಳುವ ವೇದಿಕೆ ಇಲ್ಲದಿದ್ದರೆ ಜನ ಬೀದಿಗಿಳಿಯುತ್ತಾರೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಕೆಂಗೇರಿ ದಾಟಿದರೆ ಸಿಗುವ ಕಣಿಮಿಣಿಕೆಯಲ್ಲಿ, ಎರಡೇ ದಿನಕ್ಕೆ ಟೋಲ್ ಶುರುವಾಯಿತು. ಏಪ್ರಿಲ್ 1ಕ್ಕೆ ಶೇ 22ರಷ್ಟು ಏರಿಕೆ. ಗಲಾಟೆಯಾದ ಕೂಡಲೇ ಏರಿಕೆ ವಾಪಸ್. ಜೂನ್‌ನಲ್ಲಿ ಮತ್ತೆ ಹಾಜರ್. ಏರಿಸಿದ್ದಕ್ಕೆ ಸೂತ್ರವಾದರೂ ಇತ್ತು, ಇಳಿಸಿದ್ದಕ್ಕೆ ಗಲಾಟೆ ಬಿಟ್ಟರೆ ಬೇರೆ ಆಧಾರ ಕಾಣಲಿಲ್ಲ. ಸುರತ್ಕಲ್‌ನಲ್ಲೂ ಅಷ್ಟೇ. ಎರಡು ಪ್ಲಾಜಾಗಳ ನಡುವೆ 60 ಕಿಲೋಮೀಟರ್ ಅಂತರವಿರಬೇಕೆಂದು ನಿಯಮವೇ ಹೇಳುತ್ತದೆ. ಆದರೂ ಅಲ್ಲಿ ವಸೂಲಿ ನಿಂತದ್ದು ದೀರ್ಘ ಹೋರಾಟದ ಬಳಿಕ, 2022ರ ಡಿಸೆಂಬರ್ 1ಕ್ಕೆ. ಕೇರಳದ ಪಾಲಿಯೆಕ್ಕರದಲ್ಲಿ 2025ರ ಆಗಸ್ಟ್‌ನಲ್ಲಿ ಹಾಳು ರಸ್ತೆಗೆ ಟೋಲ್ ಬೇಡವೆಂದು ಹೈಕೋರ್ಟ್ ತಡೆ ಕೊಟ್ಟಿತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಸಂತೋಷ. ಆದರೆ ಪ್ರತಿ ಪ್ಲಾಜಾಕ್ಕೂ ಒಬ್ಬೊಬ್ಬರು ಹೈಕೋರ್ಟ್ ಮೆಟ್ಟಿಲು ಹತ್ತಲಾದೀತೇ?

ಹೆದ್ದಾರಿಯವರು ಜನರನ್ನು ಕೇಳುವುದೇ ಇಲ್ಲವೆಂದಲ್ಲ. ಜಮೀನು ಬೇಕಾದಾಗ ಆಕ್ಷೇಪಣೆಗೆ 21 ದಿನ ಕೊಡುತ್ತಾರೆ. ದೊಡ್ಡ ಯೋಜನೆಯಾದರೆ ಪರಿಸರದ ಅಹವಾಲು ಸಭೆಯೂ ಉಂಟು. ರಸ್ತೆ ಬಂದ ಮೇಲೆ, ಅದರ ಜೊತೆ ದಶಕಗಟ್ಟಲೆ ಬಾಳಬೇಕಾದ ಕಾಲದಲ್ಲಿ, ಒಂದು ಮಾತೂ ಕೇಳುವುದಿಲ್ಲ.

ಸ್ವತಂತ್ರ ನಿಯಂತ್ರಕ ಬೇಕೆಂಬುದು ಹೊಸ ಬೇಡಿಕೆಯಲ್ಲ. 2013ರ ಬಜೆಟ್‌ನಲ್ಲಿ ಪಿ. ಚಿದಂಬರಂ ರಸ್ತೆ ವಲಯಕ್ಕೊಂದು ನಿಯಂತ್ರಣ ಪ್ರಾಧಿಕಾರ ರಚಿಸುವುದಾಗಿ ಘೋಷಿಸಿದ್ದರು. ಅದು ಘೋಷಣೆಯಾಗಿಯೇ ಉಳಿಯಿತು. ಫೋನಿಗೆ ಟ್ರಾಯ್ ಇದೆ, ವಿಮಾನ ನಿಲ್ದಾಣಗಳ ಶುಲ್ಕ ನೋಡಲೂ ಪ್ರಾಧಿಕಾರವಿದೆ. ವಿಮಾನ ಹತ್ತುವವರಿಗೆ ಇರುವ ಕಾವಲು ಲಾರಿ ಓಡಿಸುವವರಿಗಿಲ್ಲ. ಬ್ರಿಟನ್ 2015ರಲ್ಲಿ ಹೆದ್ದಾರಿ ಕಂಪನಿಯನ್ನು ಗಮನಿಸುವ, ಬೇಕಾದರೆ ದಂಡ ಹಾಕುವ ಹೊಣೆಯನ್ನು ರೈಲ್ವೆಯ ನಿಯಂತ್ರಕ ಸಂಸ್ಥೆಗೇ ವಹಿಸಿತು.

ನಿವೃತ್ತ ಅಧಿಕಾರಿಗಳಿಗೆ ಇನ್ನೊಂದು ಕುರ್ಚಿಯಾಗುತ್ತದಷ್ಟೇ ಎಂಬ ಗೊಣಗಾಟ ನನ್ನೊಳಗೂ ಇದೆ. ಅದಕ್ಕೇ ಕುರ್ಚಿಗಿಂತ ಅಹವಾಲಿನ ರೀತಿ ಮುಖ್ಯ ಅನ್ನಿಸುತ್ತದೆ. ನಮ್ಮ ಮೆಟ್ರೊದ ಕಥೆಯೇ ಇದೆಯಲ್ಲ. 2024ರ ಅಕ್ಟೋಬರ್‌ನಲ್ಲಿ ದರ ನಿಗದಿಗೆ ಸಲಹೆ ಕಳಿಸಿ ಎಂದರು. 2025ರ ಫೆಬ್ರುವರಿ 9ಕ್ಕೆ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು. ದರ ನಿಗದಿ ಸಮಿತಿಯ ವರದಿ ಜನರ ಕೈಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ, ವಿಷಯ ಹೈಕೋರ್ಟಿಗೆ ಹೋದ ಮೇಲೆ. ನಮ್ಮ ಸಲಹೆಗೆ ಏನಾಯಿತೆಂದು ಗೊತ್ತಾಗುವ ಹೊತ್ತಿಗೆ ಏಳು ತಿಂಗಳು ಹೊಸ ದರ ಕೊಟ್ಟಾಗಿತ್ತು.

ಹೆದ್ದಾರಿಯ ವಿಚಾರಣೆ ಬಂದರೆ ಟೋಲ್ ಕಟ್ಟುವವರಿಗಷ್ಟೇ ಕುರ್ಚಿ ಹಾಕಿದರೆ ಸಾಲದು. ಪೀಣ್ಯದ ಆ ಎರಡೂವರೆ ವರ್ಷದಲ್ಲಿ ಹೆಚ್ಚು ಬೆಂದವರು ಕೆಳಗಿದ್ದವರು: ನಡೆದು ಹೋಗುವವರು, ಬಸ್ಸಿಗೆ ಕಾಯುವವರು, ಸ್ಕೂಟರಿನವರು. ಅವರ ಬಳಿ ಟೋಲ್ ರಸೀದಿ ಇಲ್ಲ. ಗ್ರಾಹಕರೆಂದು ತೋರಿಸಲು ಒಂದು ಚೀಟಿಯೂ ಇಲ್ಲದ ಇವರ ಮಾತಿಗೆ ಕಾನೂನಿನಲ್ಲೇ ಜಾಗ ಮಾಡಬೇಕು. ಸೇತುವೆಯ ತಪಾಸಣಾ ವರದಿಗಳು ಟೋಲ್ ಪ್ಲಾಜಾದ ದರಪಟ್ಟಿಯಷ್ಟೇ ಸುಲಭವಾಗಿ ಕಣ್ಣಿಗೆ ಬೀಳಬೇಕು, ಕನ್ನಡದಲ್ಲಿ.

ದಾರಿ ತೆರೆದಾಗಲೂ ಒಂದು ಷರತ್ತು ಉಳಿದಿತ್ತು. ತಪಾಸಣೆಗೆಂದು ಶುಕ್ರವಾರ ಬೆಳಿಗ್ಗೆ 6ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ಭಾರಿ ವಾಹನಗಳಿಗೆ ಮೇಲೆ ಪ್ರವೇಶವಿರಲಿಲ್ಲ. ಆ ಒಂದು ದಿನ ಲಾರಿಗಳು ಕೆಳಗಿಳಿಯುತ್ತಿದ್ದವು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಮತ್ತೆ ಮೋರಿಯ ಅಂಚಿಗೆ ಸರಿಯುತ್ತಿದ್ದರು. ಯಾವ ವಾರ ಏನು ತಪಾಸಣೆಯಾಯಿತು ಎಂದು ಅವರಿಗೆ ಯಾರೂ ಹೇಳಲಿಲ್ಲ.